ಪಹಣಿಗೂ ಫ್ಲ್ಯಾಶ್‌ಗೂ ನಡುವಿನ ದಾರಿ

‘ಭೂಮಿ’ ಯೋಜನೆ ಶುರುವಾದ ಕಾಲದಲ್ಲಿ ಮಧುಗಿರಿ ತಾಲ್ಲೂಕಿನ ಪಹಣಿಗಳೆಲ್ಲ ಇದ್ದದ್ದು ಮಧುಗಿರಿಯಲ್ಲೇ. ತಾಲ್ಲೂಕು ಕಚೇರಿಯಲ್ಲೊಂದು ಕೋಣೆ, ಕೋಣೆಯಲ್ಲೊಂದು ಸರ್ವರ್, ಸರ್ವರಿನ ಹೊಟ್ಟೆಯಲ್ಲಿ ಡಿಸ್ಕು. ಕೊಡಿಗೇನಹಳ್ಳಿ, ಪುರವರ, ಮಿಡಿಗೇಶಿ, ಐ.ಡಿ. ಹಳ್ಳಿ ಹೋಬಳಿಗಳ ರೈತರು ಬಸ್ಸು ಹತ್ತಿ ಅಲ್ಲಿಗೆ ಹೋಗಿ, 15 ರೂಪಾಯಿ ಕಟ್ಟಿ, ಪ್ರಿಂಟರಿನಿಂದ ಬಂದ ಹಾಳೆಯನ್ನು ಮಡಿಚಿ ಜೇಬಿಗೆ ಸೇರಿಸಿಕೊಂಡು ಬರಬೇಕಿತ್ತು. ಅಷ್ಟಾದದ್ದೇ ಆಗ ದೊಡ್ಡ ಸಂಗತಿ. ಗ್ರಾಮ ಲೆಕ್ಕಿಗರ ದಫ್ತರದಲ್ಲಿ, ಅವರವರ ಕೈಬರಹದಲ್ಲಿ, ಅವರವರ ಮರ್ಜಿಯಲ್ಲಿದ್ದ ಸುಮಾರು 2 ಕೋಟಿ ದಾಖಲೆಗಳು 177 ತಾಲ್ಲೂಕುಗಳ ಕಂಪ್ಯೂಟರುಗಳಿಗೆ ಏರಿದವು. 67 ಲಕ್ಷ ರೈತರ ಜಮೀನಿನ ಲೆಕ್ಕ ಅದು. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲ ಎಂದು ಸರ್ಕಾರ ಸಾರಿಬಿಟ್ಟಿತು.

ಆಮೇಲೆ ಪಹಣಿ ಹೋಬಳಿಗೇ ಬಂತು, ನಾಡಕಚೇರಿಯಲ್ಲೇ ಸಿಗುವಂತಾಯಿತು. ಇನ್ನೂ ಮುಂದೆ ಹೋಗಿ ಮೊಬೈಲಿನಲ್ಲೇ ನೋಡುವಂತಾಯಿತು. ರೈತನಿಗೆ ದಾಖಲೆ ಹತ್ತಿರವಾದಷ್ಟೂ ಅದು ಕೂತಿರುವ ಡಿಸ್ಕು ಮಾತ್ರ ದೂರ ಹೋಯಿತು. ಮಧುಗಿರಿಯಿಂದ ಬೆಂಗಳೂರಿನ ಡೇಟಾ ಸೆಂಟರಿಗೆ. ಅಷ್ಟೇ ಅಲ್ಲ, ಅಲ್ಲಿ ಅದು ಸರ್ವರಿನ ಹೊಟ್ಟೆಯಿಂದಲೂ ಹೊರಬಿತ್ತು. ಈಗಿನ ದೊಡ್ಡ ಡೇಟಾ ಸೆಂಟರುಗಳಲ್ಲಿ ಲೆಕ್ಕ ಹಾಕುವ ಯಂತ್ರಗಳು ಒಂದು ಸಾಲಿನಲ್ಲಿ, ದಾಖಲೆ ಇಡುವ ಪೆಟ್ಟಿಗೆಗಳು ಇನ್ನೊಂದು ಸಾಲಿನಲ್ಲಿ ಇರುತ್ತವೆ. ನಡುವೆ ಕೇಬಲ್ಲು ಮತ್ತು ಸ್ವಿಚ್ಚುಗಳ ಒಂದು ಜಾಲ. ಆ ಜಾಲ ಯಾವುದಿರಬೇಕು ಎನ್ನುವುದು ಹತ್ತು ಹನ್ನೆರಡು ವರ್ಷಗಳ ಹಿಂದೆ ಯಾರೂ ತಲೆ ಕೆಡಿಸಿಕೊಳ್ಳದಿದ್ದ ಪ್ರಶ್ನೆ. ಈಗ ಟೆಂಡರ್ ಬರೆಯುವವರ ನಿದ್ದೆಗೆಡಿಸುವ ಪ್ರಶ್ನೆ.

ಡಿಸ್ಕನ್ನು ಸರ್ವರಿನಿಂದ ಹೊರಗೆ ತಂದದ್ದಾದರೂ ಯಾಕೆ? ಸರ್ವರ್ ಕೆಡುತ್ತದೆ. ಕೆಟ್ಟ ದಿನ ಒಳಗಿನ ಡಿಸ್ಕೂ ಅದರ ಜೊತೆ ಮಲಗುತ್ತದೆ. ದಾಖಲೆ ಹೊರಗಿದ್ದರೆ ಪಕ್ಕದ ಸರ್ವರ್ ಅದನ್ನೇ ಹಿಡಿದು ಕೆಲಸ ಮುಂದುವರಿಸಬಹುದು. ಇನ್ನೊಂದು, ಹಂಚಿಕೆಯ ಲೆಕ್ಕ. ಒಂದು ಸರ್ವರಿನಲ್ಲಿ ಮುಕ್ಕಾಲು ಡಿಸ್ಕು ಖಾಲಿ, ಇನ್ನೊಂದರಲ್ಲಿ ಉಸಿರಾಡಲೂ ಜಾಗವಿಲ್ಲ ಎನ್ನುವ ಸ್ಥಿತಿ ಎಲ್ಲ ಕಚೇರಿಗಳಲ್ಲೂ ಇತ್ತು. ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಹಾಕಿ, ಬೇಕಾದವರಿಗೆ ಬೇಕಾದಷ್ಟು ಕೊಟ್ಟರೆ ದುಡ್ಡು ಉಳಿಯುತ್ತದೆ.

ತಿರುಗುವ ಡಿಸ್ಕಿನ ಕಾಲದಲ್ಲಿ ಈ ಏರ್ಪಾಡಿಗೆ ಯಾವ ಜಾಲವಾದರೂ ನಡೆಯುತ್ತಿತ್ತು. ನಿಮಿಷಕ್ಕೆ 7,200 ಸುತ್ತು ಹಾಕುವ ಡಿಸ್ಕು ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತಲೆಯೇ ಸರಿಯಾದ ಪಟ್ಟಿಗೆ ಸರಿಯಲು ಇನ್ನಷ್ಟು ಹೊತ್ತು. ಒಟ್ಟು ಹತ್ತು ಮಿಲಿಸೆಕೆಂಡಿನ ಆಸುಪಾಸು ಎನ್ನಿ. ಜಾಲದಲ್ಲಿ ಹೋಗಿ ಬರಲು 0.1 ಮಿಲಿಸೆಕೆಂಡ್ ಹಿಡಿದರೆ ಅದು ನೂರರಲ್ಲೊಂದು ಪಾಲು. ಆ ಒಂದು ಪಾಲನ್ನು ಅರ್ಧಕ್ಕಿಳಿಸಲು ಲಕ್ಷಗಟ್ಟಲೆ ಸುರಿಯುವವರು ಯಾರು?

ಫ್ಲ್ಯಾಶ್ ಬಂದು ಈ ಲೆಕ್ಕವನ್ನು ಬುಡಮೇಲು ಮಾಡಿತು. ಜಪಾನಿನ ತೋಷಿಬಾ ಕಂಪನಿಯಲ್ಲಿ ಫುಜಿಯೊ ಮಸುವೊಕ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ರೂಪಿಸಿದ ಚಿಪ್ಪು ಇದು. ನಮ್ಮ ಪೆನ್‌ಡ್ರೈವಿನಲ್ಲಿರುವ ನ್ಯಾಂಡ್ ಮಾದರಿ ಹೊರಬಂದದ್ದು 1987ರಲ್ಲಿ. ತಿರುಗುವುದು, ಸರಿಯುವುದು ಯಾವುದೂ ಇಲ್ಲದ್ದರಿಂದ ಓದಲು ಸುಮಾರು 100 ಮೈಕ್ರೊಸೆಕೆಂಡ್ ಸಾಕು. ಹತ್ತು ಮಿಲಿಸೆಕೆಂಡಿಗೆ ಹೋಲಿಸಿದರೆ ನೂರು ಪಟ್ಟು ಬೇಗ. ಆದರೆ ಬಹಳ ವರ್ಷ ಈ ಚಿಪ್ಪು ಹಳೆಯ ಡಿಸ್ಕಿನ ವೇಷದಲ್ಲೇ, ಹಳೆಯ ಡಿಸ್ಕಿನ ಭಾಷೆಯಲ್ಲೇ ಮಾತಾಡಬೇಕಾಗಿತ್ತು. ಒಂದೇ ಸಾಲು, ಸಾಲಿನಲ್ಲಿ ಒಮ್ಮೆಗೆ 32 ಕೋರಿಕೆ ಮಾತ್ರ. 2011ರಲ್ಲಿ ಬಂದ ಎನ್‌ವಿಎಂಇ ಎಂಬ ಹೊಸ ಕಟ್ಟಳೆ 65,535 ಸಾಲುಗಳಿಗೆ, ಪ್ರತಿ ಸಾಲಿನಲ್ಲೂ 65 ಸಾವಿರ ಚಿಲ್ಲರೆ ಕೋರಿಕೆಗಳಿಗೆ ಅವಕಾಶ ಮಾಡಿತು. ಇಷ್ಟು ಸಾಲುಗಳನ್ನು ಯಾರೂ ಬಳಸುವುದಿಲ್ಲ, ಆ ಮಾತು ಬೇರೆ. ಪ್ರೊಸೆಸರಿನ ಒಂದೊಂದು ಕೋರಿಗೂ ಅದರದೇ ಸಾಲು ಸಿಕ್ಕಿ, ಯಾರಿಗೂ ಯಾರೂ ಅಡ್ಡ ಬರದಂತಾಯಿತು ಎನ್ನುವುದೇ ನಿಜವಾದ ಲಾಭ.

ಈಗ ಅದೇ ಜಾಲದ ಲೆಕ್ಕ ಮತ್ತೆ ಹಾಕಿ. ಫ್ಲ್ಯಾಶ್‌ಗೆ 100 ಮೈಕ್ರೊಸೆಕೆಂಡ್, ದಾರಿಗೂ 100 ಮೈಕ್ರೊಸೆಕೆಂಡ್. ಅರ್ಧಕ್ಕರ್ಧ ಹೊತ್ತು ದಾರಿಯಲ್ಲೇ ಹೋಯಿತು. ಅಗಲದ ಪ್ರಶ್ನೆಯೂ ಉಂಟು. ಸೆಕೆಂಡಿಗೆ ಮೂರೂವರೆ ಗಿಗಾಬೈಟ್ ಓದಿಕೊಡುವ ಡ್ರೈವು ಈಗ ಮಾಮೂಲು. ಅಂಥ 24 ಡ್ರೈವುಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟರೆ ಒಟ್ಟು 84 ಗಿಗಾಬೈಟ್. ನೂರು ಗಿಗಾಬಿಟ್ಟಿನ ಒಂದು ಪೋರ್ಟು ಸಾಗಿಸುವುದು ಹನ್ನೆರಡೂವರೆ ಗಿಗಾಬೈಟ್. ಪೆಟ್ಟಿಗೆಯ ಪೂರ್ತಿ ಕಸುವು ಹೊರಗೆ ಬರಬೇಕಾದರೆ ಹೆಚ್ಚುಕಡಿಮೆ ಏಳು ಪೋರ್ಟು ಬೇಕು! ದುಬಾರಿ ಫ್ಲ್ಯಾಶ್ ತಂದು ಎರಡು ಕೇಬಲ್ಲಿಗೆ ಕಟ್ಟಿ, ವೇಗವೇ ಬರಲಿಲ್ಲ ಎಂದು ಕಂಪನಿಯವರ ಮೇಲೆ ಹರಿಹಾಯುವ ಅಧಿಕಾರಿಗಳಿಗೆ ಈ ಗುಣಾಕಾರವನ್ನು ಮೊದಲೇ ಯಾರೂ ಹೇಳಿರುವುದಿಲ್ಲ.

ಎನ್‌ವಿಎಂಇ ಭಾಷೆಯನ್ನು ಜಾಲದ ಮೇಲೆ ಸಾಗಿಸುವ ನಿಯಮಾವಳಿ 2016ರ ಜೂನ್‌ನಲ್ಲಿ ಬಂತು. ಅದರ ಗುರಿ ಸರಳ: ಡ್ರೈವು ಸರ್ವರಿನ ಒಳಗಿದ್ದಾಗ ಹಿಡಿಯುವ ಹೊತ್ತಿಗಿಂತ, ಹೊರಗಿದ್ದಾಗ ಹಿಡಿಯುವ ಹೊತ್ತು 10 ಮೈಕ್ರೊಸೆಕೆಂಡಿಗಿಂತ ಹೆಚ್ಚಾಗಬಾರದು. ಗುರಿ ಒಂದೇ ಆದರೂ ದಾರಿಗಳು ಹಲವು. ಕಷ್ಟ ಶುರುವಾದದ್ದೇ ಅಲ್ಲಿ.

ಎಲ್ಲಕ್ಕಿಂತ ಚುರುಕಾದದ್ದು ಇನ್ಫಿನಿಬ್ಯಾಂಡ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ನೆಲೆಗೊಂಡ ‘ಪರಮ್ ಪ್ರವೇಗ’ ಸೂಪರ್‌ಕಂಪ್ಯೂಟರಿನ ಗಣಕಗಳನ್ನು ಬೆಸೆದಿರುವುದು ಇದೇ. ಅದು 3.3 ಪೆಟಾಫ್ಲಾಪ್ ಸಾಮರ್ಥ್ಯದ, 4 ಪೆಟಾಬೈಟ್ ಸಂಗ್ರಹದ ಯಂತ್ರ. ಅಲ್ಲಿ ಒಂದು ಲೆಕ್ಕವನ್ನು ನೂರಾರು ಗಣಕಗಳು ಹಂಚಿಕೊಂಡು ಮಾಡುತ್ತವೆ. ಒಂದು ತಡವಾದರೆ ಉಳಿದವೆಲ್ಲ ಕೈಕಟ್ಟಿ ಕೂರುತ್ತವೆ. ಹಾಗಾಗಿ ಪ್ರತಿ ಮೈಕ್ರೊಸೆಕೆಂಡಿಗೂ ಬೆಲೆ. ಇನ್ಫಿನಿಬ್ಯಾಂಡಿನ ಗುಟ್ಟು ಆರ್‌ಡಿಎಂಎ: ಕಳುಹಿಸುವ ಯಂತ್ರದ ಕಾರ್ಡು ಪಡೆಯುವ ಯಂತ್ರದ ಮೆಮೊರಿಗೆ ನೇರವಾಗಿ ಬರೆದುಬಿಡುತ್ತದೆ, ನಡುವೆ ಪ್ರೊಸೆಸರನ್ನಾಗಲಿ ಆಪರೇಟಿಂಗ್ ಸಿಸ್ಟಮ್ಮನ್ನಾಗಲಿ ಎಬ್ಬಿಸುವುದಿಲ್ಲ. ಆದರೆ ಸ್ವಿಚ್ಚು ಬೇರೆ, ಕಾರ್ಡು ಬೇರೆ, ಕಲಿಯಬೇಕಾದ ವಿದ್ಯೆಯೂ ಬೇರೆ. ತಯಾರಕರೂ ಕಡಿಮೆ, ಮುಖ್ಯ ತಯಾರಕನಾಗಿದ್ದ ಮೆಲನಾಕ್ಸ್ 2020ರಲ್ಲಿ ಎನ್‌ವಿಡಿಯಾ ಪಾಲಾಯಿತು. ಒಂದೇ ಅಂಗಡಿಯಲ್ಲಿ ಸಾಮಾನು ಕೊಳ್ಳಬೇಕಾದವನಿಗೆ ಚೌಕಾಸಿ ಮಾಡಲು ಬಾಯಿ ಇರುವುದಿಲ್ಲ.

ಫೈಬರ್ ಚಾನೆಲ್ ಹಳೆಯ ಮನೆತನ. ಮೂವತ್ತು ವರ್ಷಗಳಿಂದ ಸಂಗ್ರಹಕ್ಕೆಂದೇ ದುಡಿಯುತ್ತಿರುವ ಜಾಲ ಇದು. ಬ್ಯಾಂಕು, ವಿಮಾ ಕಂಪನಿಗಳಿಗೆ ಅದರ ಮೇಲೆ ಎಲ್ಲಿಲ್ಲದ ಭರವಸೆ. ಆ ಭರವಸೆಗೆ ಕಾರಣವಿದೆ. ಎದುರಿನ ಪೋರ್ಟು ‘ನನ್ನ ಹತ್ತಿರ ಇಷ್ಟು ಜಾಗ ಖಾಲಿ ಇದೆ’ ಎಂದು ಮೊದಲೇ ಲೆಕ್ಕ ಕೊಟ್ಟಿರುತ್ತದೆ. ಆ ಲೆಕ್ಕ ಮುಗಿದ ಮೇಲೆ ಒಂದು ಚೂರನ್ನೂ ಕಳುಹಿಸುವಂತಿಲ್ಲ. ಜಾಗವಿಲ್ಲದೆ ಬಿದ್ದುಹೋಗುವುದು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಈಗಾಗಲೇ ಈ ಸ್ವಿಚ್ಚುಗಳಿರುವ ಕಡೆ, ಅವು ತೀರಾ ಹಳೆಯವಲ್ಲದಿದ್ದರೆ, ಅದೇ ತಂತಿಯ ಮೇಲೆ ಎನ್‌ವಿಎಂಇ ಹರಿಸಬಹುದು. ಹಳೆಯದೂ ಹೊಸದೂ ಪಕ್ಕಪಕ್ಕ ಓಡುತ್ತವೆ. ಹೊಸದಾಗಿ ಕಟ್ಟುವವನಿಗೆ ಮಾತ್ರ ಇದು ದುಬಾರಿ. 32 ಗಿಗಾಬಿಟ್ಟಿನ ಒಂದು ಪೋರ್ಟು ಸಾಗಿಸುವುದು ಸೆಕೆಂಡಿಗೆ 3.2 ಗಿಗಾಬೈಟ್. ಅಂದರೆ ಒಂದೇ ಡ್ರೈವು ಅದನ್ನು ತುಂಬಿಬಿಡುತ್ತದೆ.

ಇಲ್ಲೊಂದು ಮಾತು ಸೇರಿಸಬೇಕು. ಯಾವ ಜಾಲವೇ ಇರಲಿ, ಬೆಳಕಿನ ಕೇಬಲ್ಲಿನ ತುದಿಯನ್ನು ಒರೆಸಿ ಹಾಕುವ ಅಭ್ಯಾಸ ಇಲ್ಲದ ಕಡೆ ಉಳಿದದ್ದೆಲ್ಲ ವ್ಯರ್ಥ. ಒಂದು ಬಗೆಯ ಕೇಬಲ್ಲಿನಲ್ಲಿ ಬೆಳಕು ಹರಿಯುವ ಎಳೆಯ ಅಗಲ 50 ಮೈಕ್ರಾನ್, ಇನ್ನೊಂದರಲ್ಲಿ ಬರೀ 9. ಬೆರಳಿನ ಜಿಡ್ಡು, ಒಂದು ಧೂಳಿನ ಕಣ ಕೂತರೂ ಬೆಳಕಿಗೆ ಅಡ್ಡವೇ. ಲಿಂಕು ಪೂರ್ತಿ ಸತ್ತರೆ ಒಳ್ಳೆಯದು, ತಕ್ಷಣ ಗೊತ್ತಾಗುತ್ತದೆ. ಅರ್ಧ ಬದುಕಿದ್ದರೆ ದೋಷದ ಎಣಿಕೆ ಸದ್ದಿಲ್ಲದೆ ಏರುತ್ತಿರುತ್ತದೆ, ಎಲ್ಲರೂ ಸಾಫ್ಟ್‌ವೇರಿನವರನ್ನು ಬೈಯುತ್ತಿರುತ್ತಾರೆ. ಸ್ವಿಚ್ಚಿನ ಪರದೆಯಲ್ಲಿ ಆ ಎಣಿಕೆಯ ಸಾಲನ್ನು ವಾರಕ್ಕೊಮ್ಮೆ ಓದುವ ಒಬ್ಬ ಮನುಷ್ಯ ದುಬಾರಿ ಜಾಲಕ್ಕಿಂತ ಹೆಚ್ಚು ಉಪಯೋಗಿ.

ಇನ್ಫಿನಿಬ್ಯಾಂಡಿನ ಆರ್‌ಡಿಎಂಎ ವಿದ್ಯೆಯನ್ನು ಸಾಮಾನ್ಯ ಈಥರ್ನೆಟ್ ಮೇಲೆ ತರುವ ಪ್ರಯತ್ನಕ್ಕೆ ಎಂಜಿನಿಯರುಗಳ ಬಾಯಲ್ಲಿ ‘ರಾಕಿ’ ಎಂದು ಹೆಸರು. 2010ರಲ್ಲಿ ಮೊದಲ ಆವೃತ್ತಿ, 2014ರಲ್ಲಿ ಎರಡನೆಯದು. ಕಾಗದದ ಮೇಲೆ ಇದಕ್ಕಿಂತ ಚೆಂದದ್ದಿಲ್ಲ: ಈಥರ್ನೆಟ್ಟಿನ ಬೆಲೆ, ಇನ್ಫಿನಿಬ್ಯಾಂಡಿನ ವೇಗ. ಆದರೆ ಈಥರ್ನೆಟ್ ಹುಟ್ಟಿನಿಂದಲೇ ಸ್ವಲ್ಪ ಅಡ್ಡಾದಿಡ್ಡಿ. ದಟ್ಟಣೆಯಾದರೆ ಪ್ಯಾಕೆಟ್ಟನ್ನು ಬಿಸಾಡುತ್ತದೆ, ಮತ್ತೆ ಕಳುಹಿಸಿಕೊಳ್ಳುವುದು ಕಳುಹಿಸಿದವನ ಹಣೆಬರಹ. ಆರ್‌ಡಿಎಂಎಗೆ ಇದು ಒಗ್ಗದು. ಅದಕ್ಕಾಗಿ ಸ್ವಿಚ್ಚುಗಳಿಗೆ ಒಂದು ಹೊಸ ಮಾತು ಕಲಿಸಿದರು: ‘ನಿಲ್ಲು’. ಬಫರ್ ತುಂಬುತ್ತಾ ಬಂದ ಸ್ವಿಚ್ಚು ಹಿಂದಿನದಕ್ಕೆ ನಿಲ್ಲು ಎನ್ನುತ್ತದೆ. ಆ ಹಿಂದಿನದೂ ತುಂಬಿದರೆ ಅದು ಅದರ ಹಿಂದಿನದಕ್ಕೆ ಹೇಳುತ್ತದೆ. ಕಿರುಸೇತುವೆಯ ಮೇಲೆ ಕಡಲೆಕಾಯಿ ಲಾರಿಯೊಂದು ಕೆಟ್ಟು ನಿಂತರೆ, ಸೇತುವೆಗೆ ಹೋಗಬೇಕಾಗಿಯೇ ಇಲ್ಲದ ಬೈಕಿನವನೂ ಊರ ಸರ್ಕಲ್ಲಿನಲ್ಲಿ ಸಿಕ್ಕಿಕೊಳ್ಳುತ್ತಾನಲ್ಲ, ಹಾಗಾಗುತ್ತದೆ. ತಪ್ಪು ಒಂದು ಕಡೆ, ನರಳುವವರು ಇನ್ನೊಂದು ಕಡೆ. 2016ರಲ್ಲಿ ಮೈಕ್ರೋಸಾಫ್ಟ್ ಎಂಜಿನಿಯರುಗಳು ತಮ್ಮ ಡೇಟಾ ಸೆಂಟರುಗಳಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಓಡಿಸಿದ ಅನುಭವ ಬರೆದರು. ಕೆಟ್ಟ ಕಾರ್ಡೊಂದು ಬಿಡದೆ ‘ನಿಲ್ಲು’ ಎಂದು ಕೂಗುತ್ತಾ ಉಳಿದವರನ್ನೂ ಹೇಗೆ ನಿಲ್ಲಿಸಿಬಿಡಬಲ್ಲದು ಎಂಬ ವಿವರ ಅದರಲ್ಲಿದೆ. ಅದನ್ನು ಓದಿದ ಮೇಲೂ ರಾಕಿ ಬೇಡ ಎಂದು ನಾನು ಹೇಳುವುದಿಲ್ಲ. ದಟ್ಟಣೆಯ ಮುನ್ಸೂಚನೆ ಕೊಡುವ ಏರ್ಪಾಡುಗಳು ಬಂದಿವೆ, ಕಾರ್ಡುಗಳೂ ಸುಧಾರಿಸಿವೆ. ಆದರೆ ಮೈಕ್ರೋಸಾಫ್ಟಿನ ಹತ್ತಿರ ಇದ್ದಂಥ ಪಡೆ ನಮ್ಮ ಹತ್ತಿರ ಇದೆಯೇ ಎಂದು ಕೇಳಿಕೊಂಡು ಕೈ ಹಾಕಬೇಕು. ಟಿಸಿಪಿಯ ಮೇಲೆ ಆರ್‌ಡಿಎಂಎ ಹೊರಿಸಿದ ಐವಾರ್ಪ್ ಎಂಬ ಇನ್ನೊಂದು ದಾರಿಯೂ ಉಂಟು. ಅದು ಹೆಚ್ಚು ಜನರನ್ನು ಸೆಳೆಯಲಿಲ್ಲ.

ಕೊನೆಯದು ಎಲ್ಲರಿಗೂ ಗೊತ್ತಿರುವ ಟಿಸಿಪಿ. ವಾಟ್ಸ್‌ಆ್ಯಪ್ ಸಂದೇಶವನ್ನೂ ಬ್ಯಾಂಕಿನ ಪುಟವನ್ನೂ ಹೊತ್ತು ತರುವ ಅದೇ ಮುದಿ ಎತ್ತು. 2018ರ ನವೆಂಬರ್‌ನಲ್ಲಿ ಎನ್‌ವಿಎಂಇಯನ್ನು ಇದರ ಮೇಲೂ ಸಾಗಿಸಬಹುದು ಎಂದು ಅಧಿಕೃತವಾಯಿತು. 2019ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.0 ಆವೃತ್ತಿಯಲ್ಲಿ ಅದರ ಡ್ರೈವರ್ ಸೇರಿತು. ವಿಶೇಷ ಸ್ವಿಚ್ಚು ಬೇಡ, ವಿಶೇಷ ಕಾರ್ಡು ಬೇಡ. ಪ್ಯಾಕೆಟ್ ಬಿದ್ದರೆ ಅದೇ ಎತ್ತಿಕೊಳ್ಳುತ್ತದೆ. ಇದಕ್ಕೆ ತೆರಬೇಕಾದ ದಂಡ ಎರಡು. ಆರ್‌ಡಿಎಂಎಗಿಂತ ಪ್ರತಿ ಓದಿಗೂ ಹತ್ತಾರು ಮೈಕ್ರೊಸೆಕೆಂಡ್ ಹೆಚ್ಚು. ಜೊತೆಗೆ ಸರ್ವರಿನ ಪ್ರೊಸೆಸರ್ ಒಂದಿಷ್ಟು ಇದಕ್ಕಾಗಿಯೇ ದುಡಿಯಬೇಕು. ಲಕ್ಷಗಟ್ಟಲೆ ಸಣ್ಣ ಕೋರಿಕೆಗಳು ಒಮ್ಮೆಗೇ ನುಗ್ಗುವ ಕಡೆ ಈ ಎರಡನೆಯ ದಂಡವೇ ಭಾರ. ಡೇಟಾಬೇಸ್ ಸಾಫ್ಟ್‌ವೇರಿಗೆ ಪ್ರೊಸೆಸರ್ ಕೋರುಗಳ ಲೆಕ್ಕದಲ್ಲಿ ಲೈಸೆನ್ಸ್ ಕಟ್ಟುವವರಂತೂ ಇದನ್ನು ಮರೆಯಬಾರದು.

ಹಾಗಾದರೆ ಪಹಣಿಗೆ ಯಾವುದು? ಕೊಡಿಗೇನಹಳ್ಳಿಯಿಂದ ಬಂದ ಒಂದು ಸರ್ವೆ ನಂಬರನ್ನು ಹಿಡಿದು ಹೋಗೋಣ. ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ. ಅಲ್ಲಿಂದ ಖಾತೆದಾರರು, ಬೆಳೆ, ಋಣ, ಮ್ಯುಟೇಶನ್. ಒಂದರ ಉತ್ತರ ಬಂದಮೇಲೇ ಇನ್ನೊಂದನ್ನು ಕೇಳಬೇಕಾದ ಓದುಗಳು ಇವು. ಇಂಥವು 40 ಇವೆ ಎಂದು ಧಾರಾಳವಾಗಿ ಹಿಡಿಯೋಣ. ಆರ್‌ಡಿಎಂಎಯಲ್ಲಿ ತಲಾ 110 ಮೈಕ್ರೊಸೆಕೆಂಡಿನಂತೆ 4.4 ಮಿಲಿಸೆಕೆಂಡ್. ಟಿಸಿಪಿಯಲ್ಲಿ ತಲಾ 140 ಎಂದರೆ 5.6. ವ್ಯತ್ಯಾಸ 1.2 ಮಿಲಿಸೆಕೆಂಡ್. ವಾಸ್ತವದಲ್ಲಿ ಸೂಚಿಗಳೆಲ್ಲ ಸರ್ವರಿನ ಮೆಮೊರಿಯಲ್ಲೇ ಕೂತಿರುವುದರಿಂದ ಇಷ್ಟೂ ಇರುವುದಿಲ್ಲ. ಇನ್ನು ದೂರ. ಗಾಜಿನ ಎಳೆಯಲ್ಲಿ ಬೆಳಕು ಒಂದು ಕಿಲೋಮೀಟರ್ ಸಾಗಲು 5 ಮೈಕ್ರೊಸೆಕೆಂಡ್ ಬೇಕು. ಬೆಂಗಳೂರಿನಿಂದ ಕೊಡಿಗೇನಹಳ್ಳಿಗೆ ನೂರು ಕಿಲೋಮೀಟರ್ ಆಸುಪಾಸು ಎಂದುಕೊಂಡರೂ ಹೋಗಿ ಬರಲು ಒಂದು ಮಿಲಿಸೆಕೆಂಡ್. ಕೇಬಲ್ಲು ನೇರವಾಗಿ ಹೋಗುವುದಿಲ್ಲ, ನಡುನಡುವೆ ಹತ್ತಾರು ಉಪಕರಣ, ಕೊನೆಗೆ ಮೊಬೈಲ್ ಟವರ್. ಮಿಲಿಸೆಕೆಂಡುಗಳು ಹತ್ತುಗಳಲ್ಲಿ, ಕೆಲವೊಮ್ಮೆ ನೂರುಗಳಲ್ಲಿ ಕರಗುತ್ತವೆ. ಡೇಟಾ ಸೆಂಟರಿನ ಒಳಗೆ ಲಕ್ಷಗಟ್ಟಲೆ ಸುರಿದು ಉಳಿಸಿದ ಆ 1.2 ಮಿಲಿಸೆಕೆಂಡ್ ಕೌಂಟರಿನ ಮುಂದೆ ನಿಂತವನಿಗೆ ಕಾಣಿಸುವುದೇ ಇಲ್ಲ.

‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಹಳ್ಳಿಗಳಲ್ಲಿ ಈಗ ‘ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ’ ಎನ್ನುವಷ್ಟೇ ಸಲೀಸು. ಅದರ ಹಿಂದೆ ಕರೆಂಟು ಇರಬಹುದು, ರಸ್ತೆ ಅಗೆದಾಗ ಕಡಿದ ಕೇಬಲ್ ಇರಬಹುದು, ಸರಿಯಾಗಿ ಬರೆಯದ ಡೇಟಾಬೇಸ್ ಕೋರಿಕೆ ಇರಬಹುದು. ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶ 2025ರ ಆರಂಭದಲ್ಲಿ ಏದುಸಿರು ಬಿಟ್ಟಾಗ, ಕೃತಕ ಕೋರಿಕೆಗಳ ಸುರಿಮಳೆಯ ದಾಳಿ ನಡೆದಿದೆ ಎಂದು ಪೊಲೀಸರಿಗೆ ದೂರು ಹೋಯಿತು. ಅಂಥ ಹೊತ್ತಿನಲ್ಲಿ ಇನ್ಫಿನಿಬ್ಯಾಂಡ್ ಏನು ಮಾಡೀತು? ತಡ ಎಲ್ಲಿದೆ ಎಂದು ಅಳೆಯದೆ ಜಾಲ ಕೊಳ್ಳುವುದು, ರಕ್ತ ಪರೀಕ್ಷೆ ಮಾಡಿಸದೆ ಮಾತ್ರೆ ನುಂಗುವ ಚಾಳಿ.

ಪಹಣಿಯಂಥ ಕೆಲಸಕ್ಕೆ ನನ್ನ ಓಟು ಟಿಸಿಪಿಗೆ. ವೇಗಕ್ಕಲ್ಲ, ಜನಕ್ಕಾಗಿ. ನೆಟ್‌ಆ್ಯಪ್, ಡೆಲ್, ಸ್ಯಾಮ್‌ಸಂಗ್, ವೆಸ್ಟರ್ನ್ ಡಿಜಿಟಲ್ ಮುಂತಾದ ಕಂಪನಿಗಳು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳನ್ನು ನಡೆಸುತ್ತಿವೆ. ಫ್ಲ್ಯಾಶ್ ಪೆಟ್ಟಿಗೆಯ ಒಳಗುಟ್ಟು ಬಲ್ಲವರಿಗೆ ಈ ಊರಿನಲ್ಲಿ ಬರವಿಲ್ಲ. ಆದರೆ ಅವರು ಸರ್ಕಾರಿ ಡೇಟಾ ಸೆಂಟರಿನ ರಾತ್ರಿ ಪಾಳಿಗೆ ಬರುವುದಿಲ್ಲ. ಬರುವವರು ಗುತ್ತಿಗೆಯ ಹುಡುಗರು. ತುಮಕೂರಿನಲ್ಲೋ ಶಿರಾದಲ್ಲೋ ಓದಿ, ಈಥರ್ನೆಟ್ ಸರ್ಟಿಫಿಕೇಟ್ ಹಿಡಿದು ಬಂದವರು. ಈಥರ್ನೆಟ್ ಜಾಲ ಕೆಟ್ಟರೆ ಎಲ್ಲಿ ನೋಡಬೇಕೆಂದು ಅವರಿಗೆ ಗೊತ್ತು. ಬ್ಯಾಂಕಿಗೆ ಇದೇ ಉತ್ತರ ಹೊಂದಬೇಕಿಲ್ಲ. ಅಲ್ಲಿ ಫೈಬರ್ ಚಾನೆಲ್ ಇದ್ದು, ಅದನ್ನು ಬಲ್ಲ ಸಿಬ್ಬಂದಿಯೂ ಇದ್ದರೆ ಕಿತ್ತು ಹಾಕುವುದು ಹುಂಬತನ.

ಕೊಳ್ಳುವ ಮೊದಲು ಅಳೆಯುವ ಬಗೆಯೂ ಮುಖ್ಯ. ಎಫ್‌ಐಒ ಎಂಬ ಉಚಿತ ಸಾಧನ ಎಲ್ಲರ ಕೈಯಲ್ಲೂ ಇದೆ. ಮಾರುವವರು ಅದರಲ್ಲಿ ತೋರಿಸುವುದು ‘ಸೆಕೆಂಡಿಗೆ ಇಷ್ಟು ಲಕ್ಷ ಓದು’ ಎಂಬ ಸಂಖ್ಯೆ. ನೂರಾರು ಕೋರಿಕೆಗಳನ್ನು ಒಟ್ಟಿಗೇ ಸುರಿದು ತೆಗೆದದ್ದು. ಅವರಿಗೆ ಹೇಳಿ: ಸಾಲಿನಲ್ಲಿ ಒಂದೇ ಕೋರಿಕೆ ಇಟ್ಟು, 4 ಕಿಲೋಬೈಟಿನ ಓದು ಮಾಡಿ ತೋರಿಸಿ. ಆಮೇಲೆ ಎಂಟು ಸರ್ವರುಗಳನ್ನು ಒಮ್ಮೆಗೇ ಬಿಟ್ಟು, ಸರಾಸರಿ ಬೇಡ, ನೂರರಲ್ಲಿ ತೊಂಬತ್ತೊಂಬತ್ತನೆಯ ಓದು ಎಷ್ಟು ಹೊತ್ತು ಹಿಡಿಯಿತು ತೋರಿಸಿ. ನೂರರಲ್ಲಿ ಒಂದೇ ಓದು ಕೆಟ್ಟದಾಗಿ ತಡವಾದರೂ, ನಲವತ್ತು ಓದಿನ ಒಂದು ಪಹಣಿಗೆ ಅಂಥ ಓದು ಸಿಗುವ ಸಂಭವ ಮೂರರಲ್ಲೊಂದು. ಸರಾಸರಿ ಎಷ್ಟು ಚೆನ್ನಾಗಿದ್ದರೇನು?

ಎಲ್ಲವನ್ನೂ ಫ್ಲ್ಯಾಶ್ ಮೇಲೆ ಇಡುವ ಹುಚ್ಚನ್ನೂ ಬಿಡಬೇಕು. ಕಂದಾಯ ಇಲಾಖೆ ‘ಭೂ ಸುರಕ್ಷಾ’ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಜಿರಲೆ ತಿಂದ ಅಂಚು, ಮಾಸಿದ ಶಾಯಿ, ಮಧ್ಯೆ ಹೊಲಿದ ದಾರ ಎಲ್ಲ ಸೇರಿ ಕೋಟಿಗಟ್ಟಲೆ ಚಿತ್ರಗಳು. ಒಂದು ಮಂಜೂರಾತಿ ಕಡತವನ್ನು ಹತ್ತು ವರ್ಷಕ್ಕೊಮ್ಮೆ, ವ್ಯಾಜ್ಯ ಬಂದಾಗ ಯಾರೋ ತೆರೆಯುತ್ತಾರೆ. ಅದಕ್ಕೆ ತಿರುಗುವ ದೊಡ್ಡ ಡಿಸ್ಕೇ ಸರಿ. ಅಲ್ಲಿ ಜಾಲದ ಚರ್ಚೆಯೇ ಬೇಡ. ನಾಲ್ಕು ಸೆಕೆಂಡ್ ಕಾದರೆ ಯಾರ ಗಂಟೂ ಹೋಗುವುದಿಲ್ಲ. ಎರಡನೆಯ ಪ್ರತಿಯನ್ನು ದೂರದ ಊರಿನಲ್ಲಿ ಇಡುವಾಗಲೂ ದೂರದ ಲೆಕ್ಕ ನೆನಪಿರಲಿ. ಎರಡೂ ಕಡೆ ಬರೆದಾದ ಮೇಲೇ ‘ಆಯಿತು’ ಎನ್ನಬೇಕೆಂದರೆ ನೂರು ಕಿಲೋಮೀಟರಿಗೆ ಪ್ರತಿ ಬರಹದ ಮೇಲೂ ಒಂದು ಮಿಲಿಸೆಕೆಂಡ್ ಬೀಳುತ್ತದೆ. ಯಾವ ಫ್ಲ್ಯಾಶೂ ಅದನ್ನು ಕಡಿಮೆ ಮಾಡದು.

ಟೆಂಡರ್ ಬರೆಯುವವರಿಗೆ ಇಷ್ಟು ಹೇಳಬಹುದು. ಟಿಸಿಪಿಯಲ್ಲಿ ಶುರು ಮಾಡಿದರೂ ರಾಕಿಯನ್ನೂ ಬಲ್ಲ ಕಾರ್ಡುಗಳನ್ನೇ ಕೇಳಿ. ಬೆಲೆಯ ವ್ಯತ್ಯಾಸ ದೊಡ್ಡದಾಗಿರುವುದಿಲ್ಲ, ಐದು ವರ್ಷದ ನಂತರ ಕೆಲಸದ ಸ್ವರೂಪ ಬದಲಾದರೆ ಬಾಗಿಲು ತೆರೆದಿರುತ್ತದೆ. ಸಂಗ್ರಹದ ಜಾಲಕ್ಕೆ ಎರಡು ಸ್ವಿಚ್ಚು ಪ್ರತ್ಯೇಕವಾಗಿರಲಿ, ಎರಡಕ್ಕೂ ಬೇರೆಬೇರೆ ಯುಪಿಎಸ್‌ನಿಂದ ಕರೆಂಟು ಬರಲಿ. ಒಂದೇ ಪ್ಲಗ್ ಪಟ್ಟಿಗೆ ಎರಡನ್ನೂ ಚುಚ್ಚಿ ‘ಎರಡು ದಾರಿ ಇದೆ’ ಎಂದು ವರದಿ ಬರೆಯುವವರು ಇದ್ದೇ ಇರುತ್ತಾರೆ. ಬಿಲ್ಲಿಗೆ ಸಹಿ ಹಾಕುವ ಮುನ್ನ, ಕೆಲಸ ಜೋರಾಗಿರುವ ಬೆಳಗಿನ ಹನ್ನೊಂದು ಗಂಟೆಗೆ, ಗುತ್ತಿಗೆದಾರನ ಎದುರೇ ಒಂದು ಕೇಬಲ್ ಎಳೆಯಿರಿ. ಆಮೇಲೆ ಒಂದು ಸ್ವಿಚ್ಚಿನ ಕರೆಂಟು ತೆಗೆಯಿರಿ. ಬೇಡ ಎಂದು ಅವನು ಕೈ ಅಡ್ಡ ಹಿಡಿದರೆ, ಬಿಲ್ಲು ಇನ್ನೂ ಕೆಲವು ದಿನ ಮೇಜಿನ ಮೇಲೇ ಇರಲಿ.